ಏಳನೇ ನಂಬರಿನ ಅಪ್ಪ

ಶಾಲಾ ಕ್ರೀಡಾಕೂಟದ ಮೈದಾನಕ್ಕೆ ಬಂದ ಅಪ್ಪಂದಿರಿಗೆ ಸ್ವಂತ ಹೆಸರಿರುವುದಿಲ್ಲ. ಆಧಾರ್ ಕಾರ್ಡಿನಲ್ಲಿ, ಸೊಸೈಟಿಯ ಷೇರುಪತ್ರದಲ್ಲಿ, ಮದುವೆ ಕರೆಯೋಲೆಯಲ್ಲಿ ಅವರು ಯಾರೇ ಆಗಿರಲಿ, ಸುಣ್ಣದ ಗೆರೆಯ ಪಕ್ಕ ಬಂದು ನಿಂತ ಮೇಲೆ ಒಬ್ಬರು ಶಾಟ್‌ಪುಟ್ ಅಪ್ಪ, ಇನ್ನೊಬ್ಬರು ರಿಲೇ ಅಪ್ಪ, ಮತ್ತೊಬ್ಬರು ಖೊ ಖೊ ಅಪ್ಪ. ಜಿಲ್ಲಾ ಪುಟಕ್ಕೆ ಆಟೋಟದ ಸುದ್ದಿ ಬರೆಯುವ ನಾನು ಅವರನ್ನು ಮೊಬೈಲಿನಲ್ಲಿ ಉಳಿಸಿಕೊಂಡಿರುವುದೂ ಅದೇ ಹೆಸರುಗಳಲ್ಲಿ. ಬೆಳಗಿನ ಆರು ಗಂಟೆಗೆ ಫೋನ್ ಬಡಿದುಕೊಂಡರೆ, ಬರಲಿರುವುದು ಯಾವ ಆಟದ ಬೈಗುಳ ಅಂತ ಎತ್ತುವ ಮೊದಲೇ ಗೊತ್ತಿರುವುದು ಒಳ್ಳೆಯದು.

ಇವರಲ್ಲಿ ಅಗ್ರಗಣ್ಯರು ಕಬಡ್ಡಿ ತಂಡದ ಏಳನೇ ನಂಬರಿನ ಅಪ್ಪ. ಅವರು ಒಬ್ಬರಲ್ಲ. ಎಲ್ಲ ತಾಲ್ಲೂಕಿನಲ್ಲೂ ಇದ್ದಾರೆ, ಎಲ್ಲ ವರ್ಷವೂ ಇರುತ್ತಾರೆ. ಹುಡುಗ ಎಸ್ಸೆಸ್ಸೆಲ್ಸಿ ಮುಗಿಸಿ ಹೋಗುತ್ತಾನೆ, ಜೆರ್ಸಿ ಇನ್ನೊಬ್ಬನಿಗೆ ಬರುತ್ತದೆ, ಜೆರ್ಸಿಯ ಜೊತೆಗೆ ಹೊಸ ಅಪ್ಪನೂ ಬರುತ್ತಾರೆ. ಮುಖ ಬೇರೆ, ಮಾತು ಅದೇ. ಆದ್ದರಿಂದ ಇಲ್ಲಿ ಒಬ್ಬರ ಮೇಲೆ ಹೊರಿಸಿದ್ದನ್ನು ಉಳಿದವರು ಧಾರಾಳವಾಗಿ ಹಂಚಿಕೊಳ್ಳಬಹುದು.

ಪಂದ್ಯ ಹತ್ತು ಗಂಟೆಗೆ ಅಂದರೆ ಅವರು ಎಂಟಕ್ಕೇ ಹಾಜರು. ಪಂದ್ಯ ನಿಜವಾಗಿ ಶುರುವಾಗುವುದು ಹನ್ನೆರಡಕ್ಕೆ. ಉದ್ಘಾಟಕರು ಬರಬೇಕು, ಕ್ರೀಡಾಜ್ಯೋತಿ ಒಂದು ಸುತ್ತು ಓಡಬೇಕು, ವೇದಿಕೆಯ ಮೇಲಿರುವ ಅಷ್ಟೂ ಜನರಿಗೆ ಹಾರ ಬೀಳಬೇಕು, ಸೋಲು ಗೆಲುವನ್ನು ಸಮಾನವಾಗಿ ಸ್ವೀಕರಿಸಿ ಎಂದು ಒಬ್ಬೊಬ್ಬರೂ ಒಂದೊಂದು ಸಲ ಹೇಳಬೇಕು. ಈ ಬಿಡುವಿನಲ್ಲಿ ಏಳನೇ ನಂಬರಿನ ಅಪ್ಪ ಅಂಕಣವನ್ನು ತಮ್ಮ ಹೆಜ್ಜೆಯಲ್ಲಿ ಅಳೆದು ಮುಗಿಸುತ್ತಾರೆ. ಎಡಗಡೆಯ ಲಾಬಿ ಅರ್ಧ ಅಡಿ ಕಮ್ಮಿ ಇದೆ ಎಂದು ಕಂಡುಹಿಡಿಯುತ್ತಾರೆ. ಅದನ್ನು ಆಗ ಯಾರಿಗೂ ಹೇಳುವುದಿಲ್ಲ. ಮಗ ಗೆದ್ದರೆ ಆ ಅರ್ಧ ಅಡಿ ಭೂಮಿಯಲ್ಲಿ ಸೇರಿಹೋಗುತ್ತದೆ. ಸೋತರೆ ಸಂಜೆ ಹೊತ್ತಿಗೆ ಅದು ಒಂದೂವರೆ ಅಡಿಯಾಗಿರುತ್ತದೆ.

ಶಾಮಿಯಾನದ ಕೆಳಗೆ ಖಾಲಿ ಕುರ್ಚಿ ಎಷ್ಟಿದ್ದರೂ ಅವರು ಕೂರುವುದಿಲ್ಲ. ರೆಫರಿಯ ಕಿವಿಗೆ ನೇರವಾಗಿ ತಲುಪುವ ಒಂದು ಮೂಲೆ ಎಲ್ಲ ಮೈದಾನದಲ್ಲೂ ಇರುತ್ತದೆ. ಅದನ್ನು ಹುಡುಕಿ ನಿಲ್ಲುತ್ತಾರೆ. ಒಂದು ಕೈಯಲ್ಲಿ ಗ್ಲೂಕೋಸ್ ಪ್ಯಾಕೆಟ್ಟು, ಇನ್ನೊಂದರಲ್ಲಿ ಮೊಬೈಲು, ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಫೈಲು. ಫೈಲಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಅವರ ಕೋಪಕ್ಕೆ ಸರ್ಕಾರವೇ ಮೆಟ್ಟಿಲು ಕಟ್ಟಿಕೊಟ್ಟಿದೆ. ಶಿಕ್ಷಣ ಇಲಾಖೆಯ ಕ್ರೀಡಾಕೂಟ ಹೋಬಳಿಯಿಂದ ಶುರುವಾಗಿ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಏರುತ್ತಾ ಹೋಗುತ್ತದೆ. ವಿಭಾಗಗಳು ನಾಲ್ಕು: ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ. ರಾಜ್ಯದಲ್ಲಿ ಆಯ್ಕೆಯಾದವರು ರಾಷ್ಟ್ರೀಯ ಶಾಲಾ ಕೂಟಕ್ಕೆ. ಗುಂಪು ಆಟಗಳಲ್ಲಿ ಒಂದು ಸಲ ಸೋತರೆ ಆ ವರ್ಷದ ಲೆಕ್ಕ ಚುಕ್ತಾ, ಮುಂದಿನ ವರ್ಷಕ್ಕೆ ಹುಡುಗನ ವಯಸ್ಸು ದಾಟಿರುತ್ತದೆ. ಹೋಬಳಿ ಮಟ್ಟದಲ್ಲಿ ನಮ್ಮ ಅಪ್ಪ ಬರೀ ತಲೆಯಾಡಿಸುತ್ತಾರೆ. ತಾಲ್ಲೂಕಿನಲ್ಲಿ "ಏನ್ ಸಾರ್ ಇದು" ಅನ್ನುತ್ತಾರೆ. ಜಿಲ್ಲೆಗೆ ಬಂದಾಗ 'ಸಾರ್' ಬಿದ್ದುಹೋಗಿರುತ್ತದೆ. ವಿಭಾಗ ಮಟ್ಟದಲ್ಲಿ ಏನಾಗುತ್ತದೆ ಎಂದು ಜಿಲ್ಲಾ ಪುಟದಲ್ಲಿ ಬರೆಯಲು ಬಾರದು.

ಜಿಲ್ಲೆ ಎಂಬ ಮಾತಿನಲ್ಲೂ ಒಂದು ಸವಲತ್ತಿದೆ. ಮಧುಗಿರಿ, ಶಿರಸಿ, ಚಿಕ್ಕೋಡಿ ಇವು ಕಂದಾಯದ ಲೆಕ್ಕದಲ್ಲಿ ಜಿಲ್ಲೆಗಳಲ್ಲ, ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಪ್ರತ್ಯೇಕ ಜಿಲ್ಲೆಗಳು. ಹಾಗಾಗಿ ತುಮಕೂರಿನ ಮದುವೆ ಮನೆಯೊಂದರಲ್ಲಿ ಇಬ್ಬರು ಅಪ್ಪಂದಿರು ಎದುರುಬದುರು ಊಟಕ್ಕೆ ಕೂತು, ಇಬ್ಬರೂ "ನಮ್ಮೋನು ಜಿಲ್ಲೆಗೇ ಫಸ್ಟು" ಎಂದು ಹೇಳಿ, ಇಬ್ಬರ ಮಾತೂ ಸತ್ಯವಾಗಿರುವ ಸಾಧ್ಯತೆ ಉಂಟು. ಇಲಾಖೆ ಗೊತ್ತಿದ್ದೋ ಗೊತ್ತಿಲ್ಲದೆಯೋ ಮಾಡಿರುವ ಈ ಉಪಕಾರಕ್ಕೆ ಇದುವರೆಗೆ ಯಾರೂ ಕೃತಜ್ಞತೆ ಸಲ್ಲಿಸಿದಂತಿಲ್ಲ.

ಏಳನೇ ನಂಬರಿನ ಅಪ್ಪನಿಗೆ ಕಬಡ್ಡಿಯ ನಿಯಮ ಗೊತ್ತಿಲ್ಲ ಎಂದುಕೊಳ್ಳಬೇಡಿ. 2014ರಲ್ಲಿ ಪ್ರೊ ಕಬಡ್ಡಿ ಟಿವಿಗೆ ಬಂದ ಮೇಲೆ ನಮ್ಮ ಕಡೆ ನಿಯಮ ಗೊತ್ತಿಲ್ಲದ ಅಪ್ಪನೇ ಇಲ್ಲ. ಆರು ಅಥವಾ ಏಳು ಜನ ಅಂಕಣದಲ್ಲಿದ್ದಾಗ ಮಾತ್ರ ಬೋನಸ್, ಹಿಂದಿನ ಕಾಲು ಗಾಳಿಯಲ್ಲಿರಬೇಕು, ಎರಡು ದಾಳಿ ಖಾಲಿ ಹೋದರೆ ಮೂರನೆಯದು ಡೂ ಆರ್ ಡೈ, ಮೂವರೋ ಅದಕ್ಕಿಂತ ಕಡಿಮೆ ಜನವೋ ಇದ್ದು ಹಿಡಿದರೆ ಸೂಪರ್ ಟ್ಯಾಕಲ್: ಎಲ್ಲ ಬಾಯಿಪಾಠ. ಬಿ.ಸಿ. ರಮೇಶ್ ತರಬೇತಿಯಲ್ಲಿ ಬೆಂಗಾಲ್ ವಾರಿಯರ್ಸ್ ಗೆದ್ದದ್ದು, ಆಮೇಲೆ ಪುಣೇರಿ ಪಲ್ಟನ್ ಗೆದ್ದದ್ದು, ಕರ್ನಾಟಕದ ಮನುಷ್ಯ ಬೇರೆಯವರಿಗೆ ಕಪ್ಪು ಗೆದ್ದುಕೊಟ್ಟ ಬಗ್ಗೆ ಬೆಂಗಳೂರು ಬುಲ್ಸ್‌ನವರು ಏನು ಯೋಚಿಸಬೇಕು ಎಂಬುದು, ಇದೆಲ್ಲ ಅವರ ನಾಲಿಗೆಯ ತುದಿಯಲ್ಲಿದೆ. ತೊಂದರೆ ಒಂದೇ. ಅವರ ನಿಯಮ ಪುಸ್ತಕಕ್ಕೆ ಒಂದೇ ಮಗ್ಗುಲು. ಎದುರು ತಂಡದ ರೈಡರ್ ಬೋನಸ್ ಗೆರೆ ದಾಟಿದಾಗ ಹಿಂದಿನ ಕಾಲಿನ ಹೆಬ್ಬೆರಳು ನೆಲಕ್ಕೆ ತಾಗಿದ್ದು ಮೂವತ್ತು ಅಡಿ ದೂರದಿಂದ ಕಾಣಿಸುತ್ತದೆ. ಮಗನ ಇಡೀ ಪಾದ ನೆಲದಲ್ಲಿ ಕೂತಿದ್ದರೂ ಧೂಳು ಅಡ್ಡ ಬರುತ್ತದೆ.

ಟಿವಿಯಿಂದ ಬಂದ ಇನ್ನೊಂದು ಕಾಟ ರಿವ್ಯೂ. ಪ್ರೊ ಕಬಡ್ಡಿಯಲ್ಲಿ ನಾಯಕ ರಿವ್ಯೂ ಕೇಳುತ್ತಾನೆ, ಟಿವಿ ಅಂಪೈರು ನಾಲ್ಕು ಕಡೆಯಿಂದ ನೋಡಿ ಹೇಳುತ್ತಾರೆ. ನಮ್ಮೂರಿನ ಜೂನಿಯರ್ ಕಾಲೇಜು ಮೈದಾನದಲ್ಲಿ ಇರುವ ಒಂದೇ ಕ್ಯಾಮೆರಾ ಅಂದರೆ ಏಳನೇ ನಂಬರಿನ ಅಪ್ಪನ ಮೊಬೈಲು.

ಒಂದು ಫೈನಲ್ ಪಂದ್ಯದ ಕತೆ ಹೇಳುತ್ತೇನೆ. ಹದಿನೇಳು ವರ್ಷದೊಳಗಿನ ಹುಡುಗರು, ಕೆಂಪು ಮಣ್ಣಿನ ಅಂಕಣ, ಅಂಕ ಹತ್ತಿರ ಹತ್ತಿರ. ಕೊನೆಯ ನಿಮಿಷದ ಡೂ ಆರ್ ಡೈ ದಾಳಿಗೆ ಏಳನೇ ನಂಬರ್ ಹೋದ. ಎದುರಿನ ಹುಡುಗರು ಕೈ ಕೈ ಹಿಡಿದು ಬಲಗಡೆಗೆ ಒತ್ತಿದರು. ಹುಡುಗ ಹಿಂದಕ್ಕೆ ಸರಿಯುತ್ತಾ ಸರಿಯುತ್ತಾ ಲಾಬಿಯಲ್ಲಿ ಕಾಲಿಟ್ಟ. ಯಾರನ್ನಾದರೂ ಮುಟ್ಟಿದ ಮೇಲೆ ಮಾತ್ರ ಲಾಬಿ ಆಟದ ಜಾಗ, ಮುಟ್ಟದೆ ಕಾಲಿಟ್ಟರೆ ಔಟು. ರೆಫರಿ ಸೀಟಿ ಊದಿ ಕೈ ಎತ್ತಿದರು.

"ಟಚ್ ಆಗಿದೆ! ಟಚ್! ಟಚ್!"

ಮೂಲೆಯಿಂದ ಹೊರಟ ಆ ಕೂಗು ಅಂಕಣದ ಮಧ್ಯಕ್ಕೆ ಬರುವಷ್ಟರಲ್ಲಿ ಅದರ ಹಿಂದೆ ಅಪ್ಪನೂ ಬಂದಿದ್ದರು. ರೆಫರಿ ಪಕ್ಕದ ತಾಲ್ಲೂಕಿನ ಪಿ.ಟಿ. ಮೇಷ್ಟ್ರು. ಬೆಳಿಗ್ಗೆಯಿಂದ ಬಿಸಿಲಿನಲ್ಲಿ ನಿಂತು ಕುತ್ತಿಗೆ ಕೆಂಪಗಾಗಿತ್ತು. "ಆಗಿಲ್ಲ, ಹೊರಗೆ ಹೋಗಿ" ಅಂದರು. ಅಪ್ಪ ಮೊಬೈಲು ತೆಗೆದರು. "ಪ್ರೂಫ್ ಐತೆ, ನೋಡಿ." ರೆಫರಿ ನೋಡಲಿಲ್ಲ. ಸ್ಕೋರರ್ ನೋಡಲಿಲ್ಲ. ಕೊನೆಗೆ ಮೊಬೈಲು ನನ್ನ ಮುಖದ ಮುಂದೆ ಬಂತು. "ನೀವು ಪ್ರೆಸ್‌ನೋರು. ನೀವಾದ್ರೂ ನೋಡಿ."

ನೋಡಿದೆ. ಮೊದಲು ನೆಲ. ಆಮೇಲೆ ಇನ್ನೊಬ್ಬ ಅಪ್ಪನ ಬೋಳು ತಲೆಯ ಹಿಂಭಾಗ. ಆಮೇಲೆ ಕ್ಯಾಮೆರಾ ಗಡಗಡ ನಡುಗಿ ಆಕಾಶ, ಅದರಲ್ಲೊಂದು ತಂತಿ, ತಂತಿಯ ಮೇಲೆ ಒಂದು ಕಾಗೆ. ಹಿನ್ನೆಲೆಯಲ್ಲಿ "ಹೊಡಿ ಮಗಾ ಹೊಡಿ ಹೊಡಿ" ಎಂಬ ಧ್ವನಿ, ಸೀಟಿ, ಒಂದು ಹೆಬ್ಬೆರಳು. ಮುಗಿಯಿತು. ದಾಳಿ ನಡೆದ ಅಷ್ಟೂ ಹೊತ್ತು ಮೊಬೈಲು ನೋಡಿದ್ದು ಕಾಗೆಯನ್ನು.

"ಕಂಡ್ತಾ?" ಎಂದರು.

"ಸ್ಪಷ್ಟವಾಗಿ ಏನೂ..." ಎಂದೆ.

"ಮತ್ತೆ! ಟಚ್ ಆಗಿಲ್ಲ ಅಂತ ಕಾಣ್ತದಾ? ಕಾಣಲ್ಲ! ಆಗಿದೆ ಅಂತ್ಲೇ ಅರ್ಥ ಅಲ್ವಾ?"

ಆ ಹೊತ್ತಿಗೆ ಎದುರು ತಂಡದ ಮೂರನೇ ನಂಬರಿನ ಅಪ್ಪ ತಮ್ಮ ಮೊಬೈಲು ಹಿಡಿದು ಬಂದಾಗಿತ್ತು. ಅವರ ವಿಡಿಯೊದಲ್ಲಿ ಅವರ ಮಗನ ಬೆನ್ನು ಮಾತ್ರ ಇತ್ತು. ಅದು ಅವರಿಗೆ ಸಾಕಾಗಿತ್ತು. ಇಬ್ಬರ ಮಧ್ಯೆ ಮಾತು ಬೆಳೆದು, ನೀನಾ ನಾನಾ ಎಂಬಲ್ಲಿಗೆ ಬಂದು, ಯಾವ ಊರು ಎಂಬಲ್ಲಿಗೆ ತಿರುಗಿ, ಒಬ್ಬರ ನಾದಿನಿಯನ್ನು ಇನ್ನೊಬ್ಬರ ಚಿಕ್ಕಪ್ಪನ ಮಗನಿಗೆ ಕೊಟ್ಟಿರುವುದು ಬಯಲಾಯಿತು. ಇನ್ನೇನು ರಾಜಿಯಾಯಿತು ಎಂದು ನಾನು ಪೆನ್ನಿಗೆ ಕ್ಯಾಪು ಹಾಕಿದೆ. ಇಲ್ಲ. ಆ ಮದುವೆಯಲ್ಲಿ ಊಟಕ್ಕೆ ಸರಿಯಾಗಿ ಕರೆಯಲಿಲ್ಲವಂತೆ. ಜಗಳ ಹೊಸದಾಗಿ, ಇನ್ನೂ ಗಟ್ಟಿ ತಳಹದಿಯ ಮೇಲೆ ಶುರುವಾಯಿತು.

ಇದನ್ನು ನಿಲ್ಲಿಸಿದ್ದು ತಾಲ್ಲೂಕು ದೈಹಿಕ ಶಿಕ್ಷಣ ಪರಿವೀಕ್ಷಕರು. ಅನುಭವಸ್ಥರು. ಅವರು ವಾದ ಮಾಡಲಿಲ್ಲ, ಒಂದು ಬಿಳಿ ಹಾಳೆ ತಂದುಕೊಟ್ಟರು. "ಲಿಖಿತ ದೂರು ಕೊಡಿ, ಟೀಮ್ ಮ್ಯಾನೇಜರ್ ಸಹಿ ಬೇಕು, ಜೊತೆಗೆ ಪ್ರೊಟೆಸ್ಟ್ ಫೀಸು ಕಟ್ಟಿ, ವಾಪಸ್ ಬರಲ್ಲ." ಏಳನೇ ನಂಬರಿನ ಅಪ್ಪ ಹಾಳೆಯನ್ನು ಎರಡೂ ಕಡೆ ತಿರುಗಿಸಿ ನೋಡಿದರು. ನ್ಯಾಯಕ್ಕಾಗಿ ಸುಪ್ರೀಂ ಕೋರ್ಟಿಗೂ ಹೋಗುವೆನೆಂದು ಒಂದು ನಿಮಿಷದ ಹಿಂದೆ ಘೋಷಿಸಿದ್ದವರು ಈಗ "ಇರ್ಲಿ ಬಿಡಿ, ದೇವ್ರು ನೋಡ್ಕೋತಾನೆ" ಎಂದು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಬಿಸಿಲಿಗೆ ಗಾಳಿ ಬೀಸಿಕೊಂಡರು.

ಹುಡುಗ ಎಲ್ಲಿದ್ದ ಎಂದು ನೀವು ಕೇಳಬೇಕಿತ್ತು. ಯಾರೂ ಕೇಳಲಿಲ್ಲ. ಅವನು ಶಾಮಿಯಾನದ ಹಿಂದೆ, ಅವನನ್ನು ಲಾಬಿಗೆ ಒತ್ತಿದ ಹುಡುಗರ ಜೊತೆಯಲ್ಲೇ ಕೂತು ಚಿತ್ರಾನ್ನ ತಿನ್ನುತ್ತಿದ್ದ. ಕಡ್ಲೆಬೀಜ ಆರಿಸಿ ಕೊನೆಗೆಂದು ತಟ್ಟೆಯ ಅಂಚಿಗೆ ಇಟ್ಟುಕೊಂಡಿದ್ದ. ಇನ್‌ಸ್ಟಾಗ್ರಾಂ ಐಡಿಗಳ ವಿನಿಮಯ ನಡೆದಿತ್ತು. "ಟಚ್ ಆಗಿತ್ತೇನೋ?" ಎಂದು ಕೇಳಿದೆ. ಬಾಯಲ್ಲಿ ಅನ್ನ ಇಟ್ಟುಕೊಂಡೇ ಆ ಕಡೆ ಈ ಕಡೆ ನೋಡಿ, "ಇಲ್ಲ ಸಾರ್, ಅಪ್ಪಂಗೆ ಹೇಳ್ಬೇಡಿ" ಅಂದ.

ರೆಫರಿಗಳ ಬಗ್ಗೆ ಒಂದು ಮಾತು. ಅಮೆರಿಕದಲ್ಲೂ ಹೈಸ್ಕೂಲು ಪಂದ್ಯಗಳ ಅಪ್ಪ ಅಮ್ಮಂದಿರ ಬೈಗುಳ ತಾಳಲಾರದೆ ರೆಫರಿಗಳು ಸಾವಿರಾರು ಸಂಖ್ಯೆಯಲ್ಲಿ ಕೆಲಸ ಬಿಟ್ಟರು. ಅಲ್ಲಿನ ಹೈಸ್ಕೂಲು ಸಂಘಗಳ ರಾಷ್ಟ್ರೀಯ ಒಕ್ಕೂಟ 2022ರಲ್ಲಿ 'ಬೆಂಚ್ ಬ್ಯಾಡ್ ಬಿಹೇವಿಯರ್' ಎಂಬ ಅಭಿಯಾನವನ್ನೇ ಶುರುಮಾಡಬೇಕಾಯಿತು. ನಮ್ಮಲ್ಲಿ ಅಂಥ ಅಪಾಯವಿಲ್ಲ. ನಮ್ಮ ರೆಫರಿ ಅನ್ಯ ಕರ್ತವ್ಯದ (ಓ.ಓ.ಡಿ.) ಮೇಲೆ ಬಂದಿರುವ ಮೇಷ್ಟ್ರು. ಬೇಕೆಂದರೂ ಬಿಟ್ಟುಹೋಗಲು ಬರುವುದಿಲ್ಲ. ನಾಳೆ ಶಾಲೆಗೆ ಹೋಗಿ ಹಾಜರಿ ಪ್ರಮಾಣಪತ್ರ ಕೊಡಬೇಕು, ನಾಡಿದ್ದು ಜನಗಣತಿಯೋ ಚುನಾವಣೆಯೋ ಏನಾದರೂ ಬಂದರೆ ಅದಕ್ಕೂ ಓಡಬೇಕು. ಮತಗಟ್ಟೆ ನೋಡಿದವರಿಗೆ ಕಬಡ್ಡಿ ಅಂಕಣ ಯಾವ ಲೆಕ್ಕ ಎಂದು ಒಬ್ಬರು ನನಗೆ ಹೇಳಿದ್ದುಂಟು.

ಮೈದಾನದಲ್ಲಿ ಸೋತ ಪಂದ್ಯವನ್ನು ಪತ್ರಿಕೆಯಲ್ಲಿ ಗೆಲ್ಲಬಹುದು ಎಂಬುದು ಏಳನೇ ನಂಬರಿನ ಅಪ್ಪನ ದೃಢ ನಂಬಿಕೆ. ನಾನು ಸಂಜೆ ಕೂತು ಇನ್ನೂರು ಪದ ಬರೆದು ಕಳಿಸುತ್ತೇನೆ. ಜಿಲ್ಲಾ ಪುಟ ಬೇಗ ಮುಗಿಯಬೇಕು. ಅಷ್ಟರಲ್ಲಿ ಯಾರೋ ಅಂತಿಮ ದರ್ಶನದ ಜಾಹೀರಾತು ಕೊಡುತ್ತಾರೆ, ಇನ್ಯಾರೋ ಮಂತ್ರಿಗಳ ಹುಟ್ಟುಹಬ್ಬಕ್ಕೆ ಅರ್ಧ ಪುಟ ಕೊಳ್ಳುತ್ತಾರೆ. ಬೆಳಿಗ್ಗೆ ನೋಡಿದರೆ ಇನ್ನೂರು ಪದ ಮೂವತ್ತಾಗಿ, ಕೊಬ್ಬರಿ ಧಾರಣೆಯ ಕೆಳಗೆ ಕೂತಿರುತ್ತದೆ: ಇಂಥ ಶಾಲೆ ರೋಚಕ ಪಂದ್ಯದಲ್ಲಿ ಇಂಥ ಶಾಲೆಯನ್ನು ಎರಡು ಅಂಕಗಳಿಂದ ಸೋಲಿಸಿ ವಿಭಾಗ ಮಟ್ಟಕ್ಕೆ ಆಯ್ಕೆಯಾಯಿತು, ಶಾಸಕರು ಬಹುಮಾನ ವಿತರಿಸಿದರು.

ಆರು ಗಂಟೆಗೆ ಫೋನು.

"ರೋಚಕ ಅಂತ ಬರ್ದಿದೀರಲ್ಲ, ಯಾರಿಗೆ ರೋಚಕ?"

"ಎರಡೇ ಅಂಕ ಅಲ್ವಾ, ಅದಕ್ಕೆ..."

"ಅನ್ಯಾಯ ಅಂತ ಒಂದು ಪದ ಹಾಕೋಕೆ ಜಾಗ ಇರ್ಲಿಲ್ವಾ? ರೋಚಕಕ್ಕೂ ಅನ್ಯಾಯಕ್ಕೂ ಮೂರ್ ಮೂರೇ ಅಕ್ಷರ. ಲೆಕ್ಕ ಹಾಕಿದೀನಿ."

ಹಾಕಿದ್ದರು. ಇಂಥ ಪ್ರಶ್ನೆಗೆ ಪತ್ರಿಕೋದ್ಯಮದ ಕಾಲೇಜಿನಲ್ಲಿ ಉತ್ತರ ಹೇಳಿಕೊಡುವುದಿಲ್ಲ.

ಮುಂದಿನ ತಕರಾರು ಚಿತ್ರದ್ದು. ಗೆದ್ದ ತಂಡದ ಚಿತ್ರ ಮಾತ್ರ ಯಾಕೆ? ಹಾಕಿದ ಚಿತ್ರದಲ್ಲಾದರೂ ಆಟಗಾರರು ಹಿಂದೆ, ಶಾಸಕರು ಮುಂದೆ ಯಾಕೆ? (ಈ ಎರಡನೆಯದನ್ನು ನಾನೂ ನಮ್ಮ ಆಫೀಸಿನಲ್ಲಿ ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.) ಕೊನೆಗೆ ಹೆಸರು. ತಂಡದ ಪಟ್ಟಿಯಲ್ಲಿ ಮಗನ ಹೆಸರು ತಪ್ಪಿದ್ದರೆ ಅದು ಪತ್ರಿಕೆಯ ಪಿತೂರಿ. ಆ ಪಟ್ಟಿ ಶಾಲೆಯ ಪ್ರವೇಶಪತ್ರದಿಂದ ಬಂದದ್ದು, ಪ್ರವೇಶಪತ್ರ ತುಂಬಿದ್ದು ಸ್ವತಃ ಅವರೇ ಎಂದು ಒಂದು ಸಲ ತೋರಿಸಿಕೊಟ್ಟೆ. ಒಂದು ಕ್ಷಣವೂ ಅಲುಗಾಡಲಿಲ್ಲ. "ನಾನು ಬರ್ದಿದ್ದನ್ನ ಹಂಗೇ ಹಾಕೋಕೆ ನೀವ್ಯಾಕೆ ಬೇಕು? ಚೆಕ್ ಮಾಡೋದಲ್ವಾ ನಿಮ್ಮ ಕೆಲ್ಸ?"

ಅಂತಿಮವಾಗಿ ಬ್ರಹ್ಮಾಸ್ತ್ರ ಬರುತ್ತದೆ: "ನಾಳೆಯಿಂದ ನಿಮ್ಮ ಪೇಪರ್ ನಿಲ್ಲಿಸ್ತೀನಿ." ನಮ್ಮ ಪೇಪರ್ ಹಾಕುವ ಹುಡುಗನನ್ನು ವಿಚಾರಿಸಿದೆ. ಆ ಬೀದಿಯಲ್ಲಿ ಅವರ ಮನೆ ಯಾವುದೆಂದೇ ಅವನಿಗೆ ಗೊತ್ತಿರಲಿಲ್ಲ. ಅವರು ಓದುವುದು ಸೆಲೂನಿನ ಪೇಪರ್ರು. ನಿಲ್ಲಿಸಿದರೆ ಕಷ್ಟವಾಗುವುದು ಸೆಲೂನಿನವನಿಗೆ, ಅವನ ಗಿರಾಕಿಗಳಲ್ಲಿ ಒಬ್ಬ ಕಮ್ಮಿಯಾಗುತ್ತಾನೆ. ಅದೂ ಕ್ಷೌರ ಮಾಡಿಸಿಕೊಳ್ಳದ ಗಿರಾಕಿ.

ಅಮ್ಮಂದಿರ ಮಾತೇ ಎತ್ತಲಿಲ್ಲ ಎನ್ನಬೇಡಿ, ಹೆದರಿಕೆಯಿಂದ ಮುಂದೂಡುತ್ತಿದ್ದೆ. ಅಮ್ಮಂದಿರು ಕೂಗುವುದಿಲ್ಲ, ದಾಖಲೆ ಇಡುತ್ತಾರೆ. ಥ್ರೋಬಾಲ್ ಅಂಕಣದ ಪಕ್ಕ ಕೂತ ತಾಯಿಯೊಬ್ಬರು ನನಗೆ ಮಜ್ಜಿಗೆ ಕೊಟ್ಟು, ಬಿಸಿಲಿನ ಬಗ್ಗೆ ಎರಡು ಮಾತಾಡಿ, ನನ್ನ ಹೆಂಡತಿಯ ತವರೂರು ಯಾವುದೆಂದು ವಿಚಾರಿಸಿ, ಅದೇ ಮೆಲುದನಿಯಲ್ಲಿ ಹೇಳಿದರು: "ಅಣ್ಣಾ, ಆ ಎದುರುಗಡೆ ಟೀಮಿನ ಕ್ಯಾಪ್ಟನ್ ಹುಡುಗಿ ಇದಾಳಲ್ಲ, ಅವಳ ತಮ್ಮ ನಮ್ಮ ದೊಡ್ಡೋಳ ಕ್ಲಾಸ್‌ಮೇಟು. ನಮ್ಮ ದೊಡ್ಡೋಳು ಡಿಗ್ರಿ ಓದ್ತಿದಾಳೆ. ನಾನೇನೂ ಹೇಳಲ್ಲಪ್ಪ. ನೀವೇ ಲೆಕ್ಕ ಹಾಕ್ಕೊಳ್ಳಿ." ಹೀಗೆ ಹೇಳಿ ಇನ್ನೊಂದು ಲೋಟ ಮಜ್ಜಿಗೆ ಬಗ್ಗಿಸಿದರು.

ವಯಸ್ಸಿನ ತಕರಾರು ಶಾಲಾ ಕ್ರೀಡೆಯ ಹಳೆಯ ಕಾಯಿಲೆ. ಹಿಂದೆ ಮಗುವನ್ನು ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ನೆನಪಿಲ್ಲದಿದ್ದರೆ ಹೆಡ್‌ಮಾಸ್ಟರೇ ಜೂನ್ 1 ಎಂದು ಬರೆದುಕೊಂಡುಬಿಡುತ್ತಿದ್ದರು. ಇಡೀ ಊರಿಗೆ ಊರೇ ಒಂದೇ ದಿನ ಹುಟ್ಟಿದ ದಾಖಲೆಗಳು ನಮ್ಮ ಶಾಲೆಗಳಲ್ಲಿವೆ. ಈಗ ಜನನ ಪ್ರಮಾಣಪತ್ರ, ಆಧಾರ್ ಎಲ್ಲ ಬಂದಿದೆ, ಆದರೆ ಮೀಸೆ ಮಾತ್ರ ಯಾವ ಪ್ರಮಾಣಪತ್ರಕ್ಕೂ ಜಗ್ಗುವುದಿಲ್ಲ. ಎದುರು ತಂಡದ ಹುಡುಗನಿಗೆ ಮೀಸೆ ಇದ್ದರೆ ಅದು ವಂಚನೆ, ನಮ್ಮವನಿಗೆ ಇದ್ದರೆ ಅದು ಮನೆತನದ ಮೈಕಟ್ಟು.

ಬೆಂಗಳೂರಿನ ಕ್ರಿಕೆಟ್ ಅಪ್ಪಂದಿರದು ಬೇರೆಯೇ ದರ್ಜೆ. ಅಲ್ಲಿ ಜಗಳ ಇಂಗ್ಲಿಷಿನಲ್ಲಿ ನಡೆಯುತ್ತದೆ, ಹುಡುಗನಿಗಿಂತ ಕಿಟ್ ಬ್ಯಾಗ್ ಎತ್ತರ ಇರುತ್ತದೆ, ಅಪ್ಪ ಕಾರಿನಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಮೀಟಿಂಗ್ ಮಾಡುತ್ತಾ ಸ್ಕೋರಿಂಗ್ ಆ್ಯಪಿನಲ್ಲಿ ಮಗನ ಸ್ಟ್ರೈಕ್ ರೇಟ್ ನೋಡುತ್ತಿರುತ್ತಾರೆ. ವಯಸ್ಸಿನ ತಕರಾರನ್ನು ಅಲ್ಲಿ ಮೀಸೆ ನೋಡಿ ತೀರ್ಮಾನಿಸುವುದಿಲ್ಲ. ಹದಿನಾರರೊಳಗಿನವರಿಗೆ ಬಿಸಿಸಿಐ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಟಿಡಬ್ಲ್ಯು3 ಪದ್ಧತಿಯಲ್ಲಿ ಮೂಳೆಯ ವಯಸ್ಸು ಕಂಡುಹಿಡಿಯುತ್ತದೆ. ಮೂಳೆಯೂ ಪಕ್ಷಪಾತ ಮಾಡಿತು ಎನ್ನುವ ಅಪ್ಪಂದಿರು ಅಲ್ಲಿದ್ದಾರಂತೆ.

ಇದಕ್ಕೆ ತದ್ವಿರುದ್ಧವಾದ ಒಂದು ಚಿತ್ರ 2023ರ ಕೊನೆಯಲ್ಲಿ ಎಲ್ಲರ ಮೊಬೈಲಿಗೂ ಬಂದಿತ್ತು. ಮೈಸೂರಿನಲ್ಲಿ ಕೂಚ್ ಬಿಹಾರ್ ಟ್ರೋಫಿಯ ಪಂದ್ಯ, ಕರ್ನಾಟಕದ ಹುಡುಗರ ತಂಡದಲ್ಲಿ ರಾಹುಲ್ ದ್ರಾವಿಡ್ ಮಗ. ಆಗಿನ್ನೂ ಭಾರತ ತಂಡದ ಕೋಚ್ ಆಗಿದ್ದ ದ್ರಾವಿಡ್ ಹೆಂಡತಿಯ ಜೊತೆ ಮೈದಾನದ ಮೆಟ್ಟಿಲ ಮೇಲೆ ಸುಮ್ಮನೆ ಕೂತು ಪಂದ್ಯ ನೋಡಿದ್ದರು. ಅಂಪೈರಿಗೆ ಹೇಳಲಿಕ್ಕೆ ಏನಾದರೂ ಗೊತ್ತಿದ್ದ ಏಕೈಕ ಅಪ್ಪ ಏನೂ ಹೇಳದೆ ಕೂತಿದ್ದರು. ಆ ಚಿತ್ರವನ್ನು ನಾನು ಆಸೆಯಿಂದ ಏಳನೇ ನಂಬರಿನ ಅಪ್ಪನಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. "ಅವ್ರಿಗೇನ್ ಸಾರ್," ಎಂದರು, "ಅವ್ರ ಮಗನ ಹೆಸ್ರು ನೀವು ಕೇಳ್ದೇನೇ ಹಾಕ್ತೀರ."

ಈ ಮಾತಿಗೆ ನನ್ನ ಬಳಿ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಇನ್ನು ಆ ಫೈಲು. ಒಂದು ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಕೊನೆಯ ಬಸ್ಸಿಗೆ ಕಾಯುತ್ತಾ ಇಬ್ಬರೂ ಒಂದೇ ಕಲ್ಲುಬೆಂಚಿನ ಮೇಲೆ ಸಿಕ್ಕಿಹಾಕಿಕೊಂಡೆವು. ಮಗ ಬ್ಯಾಗಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದ. ಜಗಳಕ್ಕೆ ವಿಷಯ ಮುಗಿದಿತ್ತು. ಅವರು ಫೈಲು ಬಿಚ್ಚಿದರು. ಹೋಬಳಿ ಮಟ್ಟದ ಪ್ರಮಾಣಪತ್ರ, ಅದರ ಮೂಲೆಯಲ್ಲಿ ಸಾಂಬಾರಿನ ಕಲೆ. ತಾಲ್ಲೂಕಿನದು, ಲ್ಯಾಮಿನೇಷನ್ ಮಾಡಿಸಿದ್ದು. ಅದಾದ ಮೇಲೆ ಪೇಪರ್ ಕಟಿಂಗುಗಳು, ಒಂದೊಂದೂ ಎ4 ಹಾಳೆಗೆ ಅಂಟಿಸಿ ತಾರೀಖು ಬರೆದದ್ದು. ನಾನು ಬರೆದ ಮೂವತ್ತು ಪದಗಳೂ ಅಲ್ಲಿದ್ದವು. ಕೊಬ್ಬರಿ ಧಾರಣೆಯೂ ಅರ್ಧ ಬಂದಿತ್ತು, ಕತ್ತರಿ ಎಲ್ಲಿಯೂ ಅವಸರ ಮಾಡಿರಲಿಲ್ಲ. 'ರೋಚಕ' ಎಂಬ ಪದದ ಕೆಳಗೆ ಕೆಂಪು ಗೀಟು.

"ಸ್ಪೋರ್ಟ್ಸ್ ಕೋಟಾಕ್ಕೆ ಬೇಕಾಗ್ತವೆ ಸಾರ್" ಎಂದರು.

ಕ್ರೀಡಾ ಕೋಟಾದಲ್ಲಿ ಸೀಟು ಸಿಗಲು ಇದಕ್ಕಿಂತ ಬಹಳ ಮೇಲಿನ ಮಟ್ಟದ ಆಟ ಬೇಕು, ಕೇಳುವುದು ಪ್ರಮಾಣಪತ್ರವನ್ನೇ ಹೊರತು ಪೇಪರ್ ಕಟಿಂಗನ್ನು ಯಾವ ಕೌಂಟರಿನಲ್ಲೂ ಯಾರೂ ಕೇಳುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅವರು ಮುಂದಿನ ಹಾಳೆ ತಿರುಗಿಸುತ್ತಿದ್ದರು. ಬಾಯಿ ಮುಚ್ಚಿದೆ.

ಇಂಥ ಅಪ್ಪಂದಿರು ತಾವು ಆಡಲಾಗದ್ದನ್ನು ಮಕ್ಕಳ ಕೈಲಿ ಆಡಿಸುತ್ತಾರೆ, ಪ್ರತಿಯೊಬ್ಬನ ಹಿಂದೆಯೂ ಒಂದು ಮುರಿದ ಮಂಡಿ, ಒಂದು ಕೈತಪ್ಪಿದ ಪದಕ ಇರುತ್ತದೆ ಎಂದು ಭಾನುವಾರದ ಪುರವಣಿಗಳಲ್ಲಿ ಮನಶ್ಶಾಸ್ತ್ರಜ್ಞರು ಬರೆಯುತ್ತಾರೆ. ನಾನೂ ಆ ಆಸೆಯಿಂದಲೇ ಕೇಳಿದೆ: "ನೀವು ಯಾವ ಆಟ ಆಡ್ತಿದ್ರಿ?"

"ನಾನಾ? ಯಾವ್ದೂ ಇಲ್ಲ. ಆಡೋರ ಅಂಗಿ, ವಾಚು, ಬಾಟಾ ಚಪ್ಪಲಿ ಎಲ್ಲಾ ಕಾಯ್ಕೊಂಡು ಕೂತಿರ್ತಿದ್ದೆ. ಒಂದ್ಸಲ ಒಂದು ವಾಚು ಕಳ್ದು ಹೋಗಿ ಎಲ್ಲಾ ಸೇರ್ಕೊಂಡು ನಂಗೇ ಹೊಡೆದ್ರು." ಸ್ವಲ್ಪ ಹೊತ್ತು ಸುಮ್ಮನಿದ್ದು ಸೇರಿಸಿದರು: "ಅದೂ ಅನ್ಯಾಯನೇ. ವಾಚು ಹೆಡ್ಮಾಷ್ಟ್ರ ಮಗನ ಜೋಬಲ್ಲಿತ್ತು."

ಬಸ್ಸು ಬಂತು. ಕಂಡಕ್ಟರ್ ಹುಡುಗನಿಗೆ ಫುಲ್ ಟಿಕೆಟ್ ಹರಿದ. ಬೆಳಿಗ್ಗೆಯಿಂದ ಸುಣ್ಣದ ಗೆರೆಗಾಗಿ ಗಂಟಲು ಹರಿದುಕೊಂಡಿದ್ದ ಮನುಷ್ಯ ತುಟಿಪಿಟಕ್ಕೆನ್ನದೆ ದುಡ್ಡು ಕೊಟ್ಟು, ಕಿಟಕಿ ಪಕ್ಕದ ಸೀಟನ್ನು ಮಗನಿಗೆ ಬಿಟ್ಟು, ತಾವು ನಿಂತರು. ಸೀಟು ಇನ್ನೂ ಖಾಲಿ ಇದ್ದವು. ನಿಂತೇ ಪಂದ್ಯ ನೋಡಿ ಅಭ್ಯಾಸ, ಪಾಪ.

ಆ ಹುಡುಗ ಎಸ್ಸೆಸ್ಸೆಲ್ಸಿ ಪಾಸಾದ. ಅಲ್ಲಿಗೆ ಕಬಡ್ಡಿಯೂ ಪಾಸಾಯಿತು. ಹತ್ತೊಂಬತ್ತರೊಳಗಿನವರ ಪದವಿಪೂರ್ವ ಕ್ರೀಡಾಕೂಟ ಇಲ್ಲವೆಂದಲ್ಲ, ಆದರೆ ಹುಡುಗ ಸೈನ್ಸು, ಸಿಇಟಿ ಕೋಚಿಂಗ್ ಸೇರಿದ ಪಿಯು ಕಾಲೇಜು, ಬೆಳಿಗ್ಗೆ ಆರಕ್ಕೆ ಹೋದರೆ ರಾತ್ರಿ ಎಂಟಕ್ಕೆ ವಾಪಸ್ಸು. ಏಳನೇ ನಂಬರಿನ ಜೆರ್ಸಿ ಎಂಟನೇ ಕ್ಲಾಸಿನವನೊಬ್ಬನಿಗೆ ಹೋಯಿತು. ಅವನ ಅಪ್ಪ ಹೋಬಳಿ ಮಟ್ಟದಲ್ಲೇ 'ಸಾರ್' ಬಿಟ್ಟವರು, ಪ್ರತಿಭಾವಂತರು. ಹಳೆಯ ಅಪ್ಪನ ಫೋನು ನಿಂತೇಹೋಯಿತು. ಬೆಳಗಿನ ಆರು ಗಂಟೆಗೆ ನಾನಾಗಿಯೇ ಎಚ್ಚರಗೊಂಡು ಮೊಬೈಲು ನೋಡುವಂತಾಯಿತು.

ಪಿಯು ಫಲಿತಾಂಶ ಬಂದ ಮರುದಿನ ಬಡಿದುಕೊಂಡಿತು.

"ಸಾರ್, ನೆನಪಿದೀನಾ? ನಮ್ಮೋನು ಡಿಸ್ಟಿಂಕ್ಷನ್ನು. ಪೇಪರಲ್ಲಿ ಜಿಲ್ಲೆಯ ಸಾಧಕರು ಅಂತ ಫೋಟೊ ಹಾಕಿದೀರಲ್ಲ, ಕೊನೇ ಫೋಟೊ ಹುಡುಗಿಗೂ ಇವನಿಗೂ ಒಂದೇ ಮಾರ್ಕು ಡಿಫರೆನ್ಸು. ಕೆಮಿಸ್ಟ್ರೀಲಿ ಕೊಟ್ಟಿಲ್ಲ. ಉತ್ತರಪತ್ರಿಕೆ ಜೆರಾಕ್ಸಿಗೆ ದುಡ್ಡು ಕಟ್ತಿದೀನಿ. ಉತ್ತರ ಟಚ್ ಆಗಿದೆ ಸಾರ್. ಬಂದ ತಕ್ಷಣ ನಿಮಗೆ ತೋರಿಸ್ತೀನಿ."

ನಾನು ನೋಡುವುದು ಆಟೋಟ ಮಾತ್ರ, ಶಿಕ್ಷಣದ ಸುದ್ದಿ ಬೇರೆಯವರು ಬರೆಯುತ್ತಾರೆ ಎಂದು ನಯವಾಗಿ ತಿಳಿಸಿ, ನಮ್ಮ ಶಿಕ್ಷಣ ವರದಿಗಾರ್ತಿಯ ನಂಬರು ಕೊಟ್ಟೆ. ಅವರು ಈಗ ಆಫೀಸಿನಲ್ಲಿ ನನ್ನ ಜೊತೆ ಮಾತಾಡುವುದಿಲ್ಲ.